ನಡುಹೊಳೆಯ ಮರಳಿಗೆ ಬಂದ ಬೀಗರು

ಕನಕಪುರದಿಂದಾಚೆ, ಅರ್ಕಾವತಿ ಕಾವೇರಿಗೆ ಸೇರುವ ಕಡೆ, ಬೇಸಿಗೆಯಲ್ಲಿ ಎರಡು ಹೊಳೆಗಳ ನಡುವೆ ಒಂದು ಮರಳ ದಿಬ್ಬ ಏಳುತ್ತದೆ. ಆ ದಿಬ್ಬವನ್ನೂ ಸುತ್ತಲಿನ ನೀರನ್ನೂ ಕಾಯುವುದು, ಅಳೆಯುವುದು, ನೋಡಲು ಬಂದವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ದಡದ ಮೇಲೆ ಎರಡೇ ಕೋಣೆಯ ಅಧ್ಯಯನ ಕೇಂದ್ರವಿದೆ. ಬೆಳಿಗ್ಗೆ ಹೋದವಳೇ ನೀರಿನ ಮಟ್ಟ ನೋಡಿ ಬರೆಯುತ್ತೇನೆ. ಎರಡೂ ಹೊಳೆಗಳಿಂದ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆ ಮಾಡುತ್ತೇನೆ. ರಾಮನಗರ, ಚನ್ನಪಟ್ಟಣದ ಶಾಲೆಗಳಿಂದ ಮಕ್ಕಳು ಬಂದರೆ, ಅರ್ಕಾವತಿಯ ಮೇಲೆ ತೇಲುವ ನೊರೆ ಎಲ್ಲಿಂದ ಬಂತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಇದಕ್ಕೆ 'ಹೊಳೆ ಕಾಯೋ ಕೆಲ್ಸ' ಎನ್ನುತ್ತಾರೆ. ಬೈರಾಪಟ್ಟಣದಿಂದ ಸೊಸೆಯಾಗಿ ಬಂದವಳು, ಡಿಗ್ರಿ ಓದಿದವಳು, ಹಸು ಮೇಯಿಸುವವರ ಹಾಗೆ ದಿನವಿಡೀ ಹೊಳೆದಡದಲ್ಲಿ ನಿಲ್ಲುತ್ತಾಳಲ್ಲ ಎಂದು ಅವರಿಗೆ ನಗು. ನಗಲಿ ಎಂದು ಬಿಟ್ಟಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ತರಬೇತಿಗೆಂದು ಕರಾವಳಿಗೆ ಕಳಿಸಿದ್ದರು. ಅಲ್ಲಿ ನದಿ ಸಮುದ್ರ ಸೇರುವ ಅಳಿವೆಯನ್ನು ಗೂಟ ನೆಟ್ಟು, ಹಗ್ಗ ಕಟ್ಟಿ, ಊರಿನವರೇ ಸರದಿಯ ಮೇಲೆ ಕಾಯುತ್ತಿದ್ದರು. ನಮ್ಮ ಕಡೆ ಸಮುದ್ರವಿಲ್ಲ. ಆದರೆ ನೀರು ನೀರನ್ನು ಕೂಡುವ ಜಾಗ ನಮ್ಮಲ್ಲೂ ಇದೆಯಲ್ಲ, ಇದಕ್ಕೂ ಒಂದು ಹಗ್ಗ ಬೇಕು ಎಂದುಕೊಂಡು ವಾಪಸು ಬಂದು, ದಿಬ್ಬದ ಮೇಲೆ ಗೂಟ ನೆಟ್ಟು ಹಗ್ಗ ಕಟ್ಟಿದೆ.

ಹಗ್ಗ ಬೇಕಾದದ್ದು ರೀವ ಹಕ್ಕಿಗಳಿಗಾಗಿ. ಕರಿ ತಲೆ, ಹಳದಿ ಕೊಕ್ಕು, ಕವಲೊಡೆದ ಬಾಲದ ಈ ಹಕ್ಕಿಗಳು ಗೂಡು ಕಟ್ಟುವುದಿಲ್ಲ. ಯುಗಾದಿಯ ಆಸುಪಾಸಿನಲ್ಲಿ ಆ ದಿಬ್ಬದ ಮೇಲೆ ಅಂಗೈಯಗಲ ಮರಳು ಕೆದರಿ, ಅದರಲ್ಲೇ ಎರಡು ಮೂರು ಮೊಟ್ಟೆ ಇಡುತ್ತವೆ. ಮೊಟ್ಟೆಗೂ ಮರಳಿಗೂ ಒಂದೇ ಬಣ್ಣ, ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ಬಿಸಿಲು ಏರಿದಾಗ ತಾಯಿಹಕ್ಕಿ ಹೊಳೆಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಜನ ಹತ್ತಿರ ಬಂದರೆ ಎದ್ದು ಹಾರುತ್ತದೆ. ನಡುಹಗಲಿನಲ್ಲಿ ಒಸಿ ಹೊತ್ತು ಹಾಗೆ ಎದ್ದರೂ ಸಾಕು, ಮೊಟ್ಟೆ ಬೆಂದುಹೋಗುತ್ತದೆ.

ಹೋದ ವರ್ಷ ಅದೇ ಹೊತ್ತಿಗೆ ನನ್ನ ಮೈದುನನ ಮಗಳ ಮದುವೆಯಾಯಿತು. ಗಂಡಿನವರು ಸೋಲೂರಿನ ಕಡೆಯವರು. ಮದುವೆ ಮುಗಿದ ಮರುದಿನ ಮೈದುನ ನಮ್ಮ ಜಗಲಿಯ ಮೇಲೆ ಬಂದು ಕೂತ.

"ಅತ್ಗೆ, ಬೀಗರೂಟ ಮನೆ ಮುಂದೆ ಬ್ಯಾಡ. ನಡುಹೊಳೆ ಮರಳ್ ಮ್ಯಾಲೆ ಮಾಡನ. ಸೋಲೂರ್‌ನೋರು ಬಾಯ್ ಬುಟ್ಕೊಂಡು ನೋಡ್ಬೇಕು. ಹೆಂಗೂ ಅಲ್ಲಿ ನಿಂದೇ ಅಲ್ವಾ ಕಾರ್ಬಾರು?"

"ಅಲ್ಲಿ ಹಕ್ಕಿ ಮೊಟ್ಟೆ ಇಟ್ಟವೆ ಕಣಪ್ಪ. ಆಗಕಿಲ್ಲ."

"ಒಂದಿನ ತಾನೆ? ಒಸಿ ಪಕ್ಕಕ್ಕೆ ಸರ್ಸಿದ್ರಾಯ್ತು."

"ಸರ್ಸಕೆ ಅವೇನು ಪಾತ್ರೆನಾ?"

ಅವನು ನನ್ನ ಗಂಡನ ಮುಖ ನೋಡಿದ. ನನ್ನ ಗಂಡ ಜಗಳಕ್ಕೆ ಹೋಗುವವರಲ್ಲ, ಯಾರನ್ನೂ ಎದುರು ಹಾಕಿಕೊಳ್ಳುವವರಲ್ಲ. "ಒಂದ್ಸಲ ಬುಟ್ಬುಡಮ್ಮಿ. ನಮ್ಗೂ ಮಗಳೇ ಅಲ್ವಾ ಅದು?" ಎಂದರು.

"ಮಗಳೇ. ಅದ್ಕೇ ಮದ್ವೇಲಿ ಮೂರು ದಿನ ನಿಂತು ದುಡ್ದಿವ್ನಿ. ಮರಳು ಮಾತ್ರ ನಂದಲ್ಲ, ಕೊಡಾಕಾಗಕಿಲ್ಲ" ಎಂದೆ.

ಮೈದುನ ಸುಮ್ಮನಾಗಲಿಲ್ಲ. ಯಾರನ್ನು ಹಿಡಿದನೋ, ಎರಡು ದಿನ ಬಿಟ್ಟು ನನ್ನ ಮೇಲಿನವರೊಬ್ಬರಿಂದ ಫೋನ್ ಬಂತು.

"ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಿಮ್ಮ ಮನೆಯವರೇ ಅಂತೆ."

"ಆಯ್ತು ಸಾರ್. ಅವರನ್ನು ದಿಬ್ಬಕ್ಕೆ ಬಿಡಿ ಅಂತ ಒಂದು ಸಾಲು ಬರೆದು ವಾಟ್ಸ್ಯಾಪಿಗೆ ಹಾಕಿ."

"ಬರೆಯೋದೆಲ್ಲ ಯಾಕೆ ಮೇಡಂ?"

"ನೀವು ಬರೆಯದೆ ಇದ್ರೆ ನಾನು ಬಿಡೋದಿಲ್ಲ ಸಾರ್."

ಫೋನ್ ಕಟ್ಟಾಯಿತು. ಸಾಲು ಬರಲೇ ಇಲ್ಲ.

ಬೀಗರೂಟದ ದಿನ ಬೆಳಿಗ್ಗೆ ಮೈದುನ ಬಂದೇ ಬಂದ. ಟ್ರ್ಯಾಕ್ಟರಿನಲ್ಲಿ ಶಾಮಿಯಾನ, ಕೊಪ್ಪರಿಗೆ, ಸೌದೆ, ಕೊಯ್ದ ಕುರಿಗಳು, ನಾಲ್ಕು ಜನ ಅಡುಗೆಯವರು. ದಿಬ್ಬಕ್ಕೆ ಹೋಗಬೇಕಾದರೆ ಅರ್ಕಾವತಿಯ ಮೊಣಕಾಲುದ್ದದ ನೀರು ದಾಟಬೇಕು, ದಾಟಲು ಇರುವುದು ಒಂದೇ ಜಾಗ. ನಾನು ಸೀರೆ ಎತ್ತಿ ಸಿಕ್ಕಿಸಿ ಆ ನೀರಿನಲ್ಲಿ ನಿಂತೆ. ಕಾಲಿಗೆ ನೊರೆ ಮೆತ್ತಿಕೊಂಡು ನಾರುತ್ತಿತ್ತು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಇಂಜಿನ್ನಿನ ಸದ್ದು ಎದೆಯೊಳಗೇ ಕೇಳಿಸುತ್ತಿತ್ತು.

"ಅತ್ಗೆ, ದಾರಿ ಬುಡು."

"ಬುಡಕಿಲ್ಲ."

"ಬೀಗರ ಮುಂದೆ ನನ್ ಮರ್ವಾದೆ ತೆಗೀಬ್ಯಾಡ."

"ನಿನ್ ಮರ್ವಾದೆ ಮರಳಲ್ಲಿ ಹೂತಿಟ್ಟಿದ್ದೀಯಾ? ಮನೆ ಮುಂದೆ ಉಣ್ಣಕಿಕ್ಕು, ಯಾರ್ ಬ್ಯಾಡ ಅಂದ್ರು?"

"ಹತ್ತುಸ್ತೀನಿ ನೋಡು!"

"ಹತ್ಸು."

ಅವನು ಹತ್ತಿಸಲಿಲ್ಲ. ಇಳಿದೂ ಹೋಗಲಿಲ್ಲ. ಹಾಗೆ ಎಷ್ಟು ಹೊತ್ತು ನಿಂತೆವೋ, ಅಷ್ಟರಲ್ಲಿ ಸೋಲೂರಿನವರ ವ್ಯಾನುಗಳೇ ಬಂದುಬಿಟ್ಟವು. ಮೊದಲು ಇಳಿದವರು ಮದುಮಗನ ತಾತ. ಕೋಲೂರಿಕೊಂಡು ದಡಕ್ಕೆ ಬಂದು, ನೀರಿನಲ್ಲಿ ನಿಂತ ನನ್ನನ್ನು ನೋಡಿ, ಟ್ರ್ಯಾಕ್ಟರ್ ನೋಡಿ, "ಎಲ್ಲಪ್ಪ ಊಟ?" ಎಂದು ಕೇಳಿದರು. ಮೈದುನ ಮರಳಿನ ಕಡೆ ಕೈ ತೋರಿಸಿದ.

ತಾತ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. "ಈ ಬಿಸ್ಲಲ್ಲಿ, ಕಾದ್ ಮರಳ್ ಮ್ಯಾಲೆ ಕುಂತ್ಕಂಡು ಮುದ್ದೆ ಉಣ್ಣಕೆ ನಮ್ಗೇನು ಹುಚ್ಚಾ? ಆ ಹೊಂಗೆ ಮರದ ಕೆಳಗೆ ಹಾಸ್ರಪ್ಪ."

ಅಲ್ಲಿಗೆ ಮುಗಿಯಿತು. ಗೆದ್ದದ್ದು ನನ್ನ ಮಾತಲ್ಲ, ತಾತನ ಬಿಸಿಲಿನ ಭಯ. ಇರಲಿ. ಅವರು ಬರುವ ತನಕ ಟ್ರ್ಯಾಕ್ಟರನ್ನು ಈಚೆ ದಡದಲ್ಲೇ ನಿಲ್ಲಿಸಿದ್ದು ನಾನೇ.

ಅಡುಗೆಯೂ ಆ ಮರದ ಕೆಳಗೇ ಆಯಿತು. ಊಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಕಾಲು ತೊಳೆದುಕೊಂಡು ನಾನೇ ಹೋಗಿ ಪಂಕ್ತಿಯಲ್ಲಿ ಕೂತೆ. ಎಲೆ ಹಾಕುತ್ತ ಬಂದ ಮೈದುನ ನನ್ನನ್ನು ಬಿಟ್ಟು ಮುಂದಿನವರಿಗೆ ಹಾಕಿದ. ಅಕ್ಕಪಕ್ಕದ ಹೆಂಗಸರು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ, ಏಳಲೂ ಇಲ್ಲ. ಆಗ ನನ್ನ ಗಂಡ ಎಲೆಯ ಕಂತೆಯಿಂದ ಒಂದನ್ನು ಎಳೆದು ತಂದು ನನ್ನ ಮುಂದೆ ಹಾಸಿದರು. ಮುದ್ದೆ ಇಕ್ಕಿದರು, ಸಾರು ಬಿಟ್ಟರು. ಇಷ್ಟು ವರ್ಷದಲ್ಲಿ ತಮ್ಮನ ಎದುರು ಅವರು ಹಾಗೆ ಮಾಡಿದ್ದು ಅದೇ ಮೊದಲು. ನಾನು ಹೊಟ್ಟೆ ತುಂಬ ಉಂಡು ಎದ್ದೆ.

ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಮೇಲುಗಡೆ ಎಲ್ಲೋ ಅಕಾಲದ ಮಳೆ ಸುರಿದು ಹೊಳೆ ಒಂದೇ ಸಮನೆ ಏರಿತು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ದಿಬ್ಬದ ಮುಕ್ಕಾಲು ಭಾಗ ನೀರಿನಡಿ. ಮೊಟ್ಟೆ, ಆಗತಾನೆ ಮೊಟ್ಟೆಯೊಡೆದು ಬಂದ ಮರಿ, ಏನೂ ಉಳಿದಿರಲಿಲ್ಲ. ಹಕ್ಕಿಗಳು ನೀರಿನ ಮೇಲೆ ಸುತ್ತುತ್ತ ಕಿರುಚುತ್ತಿದ್ದವು. ರಿಜಿಸ್ಟರಿನಲ್ಲಿ ನೀರಿನ ಮಟ್ಟ ಬರೆಯಲು ಕೈ ಬರಲಿಲ್ಲ. ಆದರೂ ಬರೆದೆ.

ಸುದ್ದಿ ಕೇಳಿದ ಮೈದುನ ಬೈಕಿನಲ್ಲಿ ದಡಕ್ಕೆ ಬಂದ.

"ಏನತ್ಗೆ, ಹೊಳೇನೆ ಎಲ್ಲಾನು ಬಳ್ಕೊಂಡೋಯ್ತಂತೆ? ನಾವು ಅಲ್ಲುಂಡಿದ್ರೆ ಏನ್ ಕಮ್ಮಿ ಆಯ್ತಿತ್ತು?"

ಇವನ ಮುಂದೆ ಮಾತ್ರ ಅಳಬಾರದು ಎಂದುಕೊಂಡೆ.

"ಹೊಳೆ ಬಳ್ಕೊಂಡೋದ್ರೆ ಅದು ಹೊಳೆ ಪಾಡು. ನೀನು ತುಳ್ದಿದ್ರೆ ಅದು ನಾನು ತುಳ್ಸಿದಂಗೆ. ಬೇಕಾದ್ರೆ ಬರೋ ವರ್ಷನೂ ಟ್ರ್ಯಾಕ್ಟರ್ ತಗಂಬಾ. ನಾನು ಅಲ್ಲೇ ನಿಂತಿರ್ತೀನಿ."

ಅವನು ಬೈಕು ತಿರುಗಿಸಿಕೊಂಡು ಹೋದ. ಇವತ್ತಿಗೂ ನನ್ನ ಹತ್ತಿರ ಮಾತಿಲ್ಲ.

ನೀರು ಇಳಿಯಿತು. ಒಂದು ವಾರದೊಳಗೆ ದಿಬ್ಬದ ನೆತ್ತಿಯ ಮೇಲೆ, ಹಿಂದೆ ಅವು ಕೂತೇ ಇರದಿದ್ದ ಕಡೆ, ರೀವಗಳು ಮತ್ತೆ ಮರಳು ಕೆದರತೊಡಗಿದವು. ಮೊದಲಿನಷ್ಟಲ್ಲ, ಎಂಟೇ ಜೋಡಿ. ನಾನು ಗೂಟಗಳನ್ನು ಕಿತ್ತು ಅಲ್ಲಿಗೆ ನೆಟ್ಟೆ. ಚನ್ನಪಟ್ಟಣದಿಂದ ಒಂದು ಹಲಗೆ ತರಿಸಿ, ಬಿಳಿ ಬಣ್ಣದಲ್ಲಿ ನನ್ನ ಕೈಯಾರೆ ಎರಡು ಸಾಲು ಬರೆದೆ: 'ಇಲ್ಲಿಂದ ಮುಂದೆ ಬರಬೇಡಿ. ಇಲ್ಲಿ ಕೆಲಸ ಮಾಡುವವರ ನೆಂಟರೂ ಬರಬೇಡಿ.'

ತಪಾಸಣೆಗೆ ಬಂದ ಮೇಲಿನವರು ಎರಡನೆಯ ಸಾಲು ಅಳಿಸಿ ಎಂದರು. ಬರೆದು ಕೊಡಿ ಸಾರ್, ಅಳಿಸುತ್ತೇನೆ ಎಂದೆ. ಹಲಗೆ ಹಾಗೇ ಇದೆ.