ಕುಂಬಳಕಾಯಿಗೆ ಇಟ್ಟ ಗುರಿ

ನಮ್ಮ ಮನೆಯ ಬಟ್ಟೆ ಸೋಪನ್ನು ಯಾವುದೋ ಇಲಿ ಕಡಿಯುತ್ತಿದೆ ಎಂದು ಅಮ್ಮ ಈ ವಾರವೂ ಘೋಷಿಸಿದಳು. ಸಾಕ್ಷಿಗೆಂದು ನೀಲಿ ಸೋಪನ್ನು ನನ್ನ ಮೂಗಿನ ಮುಂದೆ ಹಿಡಿದಳು. ಒಂದು ಮೂಲೆ ಇರಲಿಲ್ಲ. ಸಾಕ್ಷಿ ಎಂಬ ಮಾತು ಕಿವಿಗೆ ಬಿದ್ದರೆ ನಾನು ಸುಮ್ಮನಿರುವವಳಲ್ಲ. ಇಲಿ ಕಡಿದಿದ್ದರೆ ಹಲ್ಲಿನ ಗುರುತು ಇರಬೇಕು, ಇಲ್ಲಿರುವುದು ಉಗುರಿನ ಗುರುತು. ಇಲಿಗೆ ಬುದ್ಧಿ ಇದ್ದಿದ್ದರೆ ಪಕ್ಕದಲ್ಲೇ ಬಾಯಿ ತೆರೆದು ಕೂತಿದ್ದ ಮಂಡಕ್ಕಿ ಚೀಲ ಬಿಟ್ಟು ಸೋಪಿಗೆ ಬಾಯಿ ಹಾಕುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಇಷ್ಟನ್ನೂ ಬೆರಳು ಮಡಿಚಿ ಮಡಿಚಿ ಹೇಳುತ್ತಿದ್ದೆ. ಹೇಳಲಿಲ್ಲ. ಏಕೆಂದರೆ ಆ ಇಲಿ ನಾನೇ.

ಮುರಿದ ಚೂರು ಜೀನ್ಸಿನ ಜೇಬಿನಲ್ಲಿತ್ತು. ಅದನ್ನು ಮೂಸಿ ನೋಡಿದೆ. ಈ ಸೋಪಿನ ವಾಸನೆಗೆ ತುಸು ಪೆಟ್ರೋಲು ಬೆರೆತರೆ ನನಗೆ ಅಜ್ಜ ನೆನಪಾಗುತ್ತಾನೆ. ಗಾಬರಿಯಾಗಬೇಡಿ, ಅಜ್ಜ ಇದ್ದಾನೆ. ಇಂಥ ಬರಹಗಳಲ್ಲಿ ಮೊದಲು ಒಂದು ವಾಸನೆ ಬರುತ್ತದೆ, ಆಮೇಲೆ ಅಜ್ಜ ಸತ್ತಿರುತ್ತಾನೆ ಎಂಬುದು ನನಗೂ ಗೊತ್ತು. ನಮ್ಮ ಅಜ್ಜ ಆ ಪದ್ಧತಿಗೆ ಸಹಕರಿಸುವ ಪೈಕಿ ಅಲ್ಲ.

ಹೆಸರು ಮುರಿಗೆಪ್ಪ, ನನ್ನ ತಾಯಿಯ ತಂದೆ. ದಾವಣಗೆರೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಮನೆ ಶಾಮನೂರಿನಲ್ಲಿ, ಗದ್ದೆ ಕಡರನಾಯಕನಹಳ್ಳಿಯಲ್ಲಿ. ಅಂಗಡಿ, ಮನೆ, ಗದ್ದೆ ಯಾವುದರ ಮೇಲೂ ಅವನಿಗೆ ಹೇಳಿಕೊಳ್ಳುವಂಥ ಮೋಹವಿರಲಿಲ್ಲ. ಮೋಹವೆಲ್ಲ ಒಂದು ಕಪ್ಪು ಮೋಟಾರ್ ಸೈಕಲ್ಲು ಮತ್ತು ಒಂದು ಬಂದೂಕಿನ ಮೇಲೆ. ಗಾಡಿಗೆ ಎರಡು ಸೈಲೆನ್ಸರು, ಬಂದೂಕಿಗೆ ಎರಡು ನಳಿಗೆ. ಮನುಷ್ಯನಿಗೆ ಒಂದೇ ಹೃದಯ ಇರುವುದು ತಯಾರಿಕೆಯ ದೋಷ ಎಂದು ಅವನು ಭಾವಿಸಿದ್ದನೆಂದು ಕಾಣುತ್ತದೆ.

ಇದರಲ್ಲಿ ಇನ್ನೊಂದು ವಿರೋಧಾಭಾಸವಿದೆ, ಗಮನಿಸಿ. ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಕೇಕ್ ತಂದರೂ ಅಜ್ಜಿ ಪೊಟ್ಟಣ ತಿರುಗಿಸಿ ಹಸಿರು ಚುಕ್ಕೆ ಹುಡುಕುತ್ತಾಳೆ. ಅಂಥ ಮನೆಯಲ್ಲಿ ಅಜ್ಜ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಆರದ ಕೈಯಲ್ಲೇ ಬಂದೂಕು ಒರೆಸುತ್ತ ಕೂರುತ್ತಿದ್ದ. ಲೈಸೆನ್ಸ್ ಇದ್ದದ್ದು ಬೆಳೆ ರಕ್ಷಣೆಗೆ, ಅಂದರೆ ಗದ್ದೆಗೆ ಬರುವ ಹಂದಿಗಳಿಗೆ. ನಾನು ಹೈಸ್ಕೂಲಿಗೆ ಬಂದಾಗಿನಿಂದ ಈ ಬಾಬತ್ತಿನಲ್ಲಿ ಪಾಟೀಸವಾಲು ಶುರು ಮಾಡಿದ್ದೆ.

"ಅಜ್ಜ, ಇದ್ರಲ್ಲಿ ಏನಾದ್ರೂ ಹೊಡ್ದಿಯಾ?"

"ಹೊಡೀದೇ ಏನು? ಮಲೆಬೆನ್ನೂರು ಕಡೆಯಿಂದ ಒಂದು ಹಂದಿ ಬಂದಿತ್ತು ನೋಡು, ನಮ್ಮ ಎಮ್ಮೆಯಷ್ಟಿತ್ತು."

"ಹೋದ ಸಲ ಕರುವಿನಷ್ಟು ಅಂದಿದ್ದೆ."

"ಆಮೇಲೆ ಬೆಳೀತು."

"ಸತ್ತ ಹಂದಿ ಹೆಂಗೆ ಬೆಳೀತೈತಜ್ಜ?"

"ಸತ್ತಿತು ಅಂತ ನಿಂಗ್ಯಾರಲೇ ಹೇಳಿದ್ರು? ಹೊಡೆದೆ ಅಂದೆ ಅಷ್ಟೇ. ಸದ್ದಿಗೆ ಹೆದರಿ ಓಡಿ ಹೋತು."

ಆಕಾಶಕ್ಕೆ ಹೊಡೆದದ್ದೂ ಹೊಡೆದದ್ದೇ ಎಂಬುದು ಅವನ ಸಿದ್ಧಾಂತ.

ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಗಾಡಿಯಲ್ಲಿ ಹೋದರೆ ಜನ ತಿರುಗಿ ನೋಡುತ್ತಾರೆಂದು ಅಜ್ಜಿ ಹಾಸಿಗೆ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟಿದ್ದಳು. ಗುಲಾಬಿ ಹೂವಿನ ಬಟ್ಟೆ. ಅಜ್ಜ ಧೋತರ ಎತ್ತಿ ಕಟ್ಟಿ, ಹೂವಿನ ಚೀಲ ಬೆನ್ನಿಗೆ ಏರಿಸಿ, ಹೊಗೆ ಬಿಡುತ್ತ ಹರಿಹರದ ಸರ್ಕಲ್ಲಿನಲ್ಲಿ ನಿಂತರೆ ನೋಡಿದವರು ಕೈ ಮುಗಿಯುತ್ತಿದ್ದರು. "ಇವತ್ತು ಭಜನೆ ಎಲ್ಲೈತ್ರಿ ಅಜ್ಜಾರೆ?" ಒಳಗಿರುವುದು ತಂಬೂರಿ ಎಂದುಕೊಳ್ಳುತ್ತಿದ್ದರು. ಅಜ್ಜ ಒಂದು ಸಲವೂ ತಿದ್ದಲಿಲ್ಲ. "ಕಡರನಾಯಕನಹಳ್ಳೀಲಿ. ಬರ್ರಿ" ಎನ್ನುತ್ತಿದ್ದ.

ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಬಂದ ಮೇಲೆ ವಾಪಸು ತರಬೇಕು. ಪಂಚಾಯಿತಿ, ವಿಧಾನಸಭೆ, ಲೋಕಸಭೆ, ನಡುವೆ ಯಾರಾದರೂ ಪಕ್ಷ ಬಿಟ್ಟರೆ ಉಪಚುನಾವಣೆ. ಬಂದೂಕು ಮನೆಯಲ್ಲಿದ್ದದ್ದಕ್ಕಿಂತ ಠಾಣೆಯಲ್ಲಿದ್ದದ್ದೇ ಹೆಚ್ಚೇನೋ. ಆ ದಿನಗಳಲ್ಲಿ ಅಜ್ಜ ಬಾಣಂತನಕ್ಕೆ ಹೆಂಡತಿಯನ್ನು ತವರಿಗೆ ಕಳಿಸಿದ ಹೊಸ ಗಂಡನ ಹಾಗೆ ಓಡಾಡುತ್ತಿದ್ದ. ಅಜ್ಜಿಯ ಮುಖ ಮಾತ್ರ ಅರಳುತ್ತಿತ್ತು. "ದಿನಾ ಓಟಿದ್ರೆ ಎಷ್ಟು ಚಂದ" ಎನ್ನುತ್ತಿದ್ದಳು. ಪ್ರಜಾಪ್ರಭುತ್ವದ ಮೇಲೆ ಅಷ್ಟು ನಂಬಿಕೆ ಇಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಗಾಡಿಯದು ಬೇರೆಯೇ ಸ್ವಭಾವ. ಅದರಲ್ಲಿ ಕಿಕ್ ಹೊಡೆಯುವ ಲಿವರೇ ಗೇರಿನ ಲಿವರು. ಒದ್ದು ಎಬ್ಬಿಸಿ, ಮುಂದಕ್ಕೆ ಮಡಚಿ, ಅದನ್ನೇ ತುಳಿದು ಗೇರು ಹಾಕಬೇಕು. ಒದೆಸಿಕೊಂಡವನೇ ಮರುಕ್ಷಣ ಸೇವೆಗೆ ನಿಲ್ಲಬೇಕಾದ ಈ ವ್ಯವಸ್ಥೆಯನ್ನು ನಾನು ಒಮ್ಮೆ ಊಳಿಗಮಾನ್ಯ ಪದ್ಧತಿ ಎಂದು ಕರೆದೆ. "ನೀನು ಕಾಲೇಜಿಗೆ ಹೋಗ್ಬಾರ್ದಿತ್ತು" ಎಂದ ಅಜ್ಜ.

ಈಗ ವಿಷಯಕ್ಕೆ ಬರುತ್ತೇನೆ. ನಾಲ್ಕೈದು ವರ್ಷದ ಹಿಂದೆ ಅಜ್ಜ ಒಂದು ಮಧ್ಯಾಹ್ನ ರಸ್ತೆಯ ಉಬ್ಬನ್ನು ಗಮನಿಸದೆ ಗಾಡಿ ಹಾರಿಸಿದ. ಕೆಳಗಿಳಿದ ಮೇಲೂ ಗಾಡಿಯ ಮೇಲೇ ಇದ್ದ ಎಂಬುದನ್ನು ಅವನು ಸಾಧನೆ ಎಂದು ಹೇಳಿದ. ಹಿಂದೆ ಕೂತಿದ್ದ ಮಾವ ಬೇರೆ ರೀತಿ ಹೇಳಿದ. ಮನೆಯಲ್ಲಿ ಸಭೆ ಸೇರಿತು. ಬಂದೂಕೂ ಹೋಗಬೇಕು, ಗಾಡಿಯೂ ಹೋಗಬೇಕು ಎಂದು ಠರಾವಾಯಿತು. ಯಾರು ಹೇಳಬೇಕು? ಎಲ್ಲರೂ ನನ್ನನ್ನು ನೋಡಿದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಷೀಲ್ಡುಗಳು ಟಿವಿಯ ಅಕ್ಕಪಕ್ಕ ಧೂಳು ತಿನ್ನುತ್ತ ನಿಂತಿದ್ದವು. ಪರವೋ ವಿರೋಧವೋ, ಚೀಟಿ ಎತ್ತಿದಾಗ ಬಂದ ಪಕ್ಷವೇ ನನಗೆ ಸತ್ಯ. ಮೆಣಸಿನಕಾಯಿ ಮಂಡಕ್ಕಿಯ ಸಂಭಾವನೆಗೆ ಒಪ್ಪಿ ವಕಾಲತ್ತು ಹಿಡಿದೆ.

ಅಜ್ಜ ನನ್ನ ವಾದವನ್ನು ಪೂರ್ತಿ ಕೇಳಿದ. ಅವನದು ಒಂದೇ ಶರತ್ತು.

"ಆಯುಧ ಪೂಜೆ ಆಗ್ಲಿ. ನೀನೂ ಗದ್ದೆಗೆ ಬಾ. ನನ್ನ ಕೈ ನೆಟ್ಟಗೈತೋ ಇಲ್ಲೋ ಅಲ್ಲಿ ನೋಡಿ ಹೇಳು. ಸಾಕ್ಷಿ ಬೇಕಲ್ಲ ನಿಂಗೆ? ಸಾಕ್ಷಿ ಕೊಡ್ತೀನಿ."

ಆಯುಧ ಪೂಜೆಯ ದಿನ ಅವನ ಎರಡೂ ದೇವರುಗಳಿಗೆ ಒಟ್ಟಿಗೆ ಪೂಜೆ. ಗಾಡಿಯ ಹೆಡ್‌ಲೈಟಿಗೆ ಮೂರು ಪಟ್ಟೆ ವಿಭೂತಿ, ಬಂದೂಕಿನ ಹಿಡಿಗೆ ಮೂರು ಪಟ್ಟೆ, ಹ್ಯಾಂಡಲ್ಲಿಗೆ ಚೆಂಡುಹೂವು. ಊರಿನವರೆಲ್ಲ ಕುಂಬಳಕಾಯಿಯನ್ನು ಗಾಡಿಯ ಮುಂದೆ ಒಡೆಯುತ್ತಾರೆ. ಅಜ್ಜ ಆ ವರ್ಷ ಒಡೆಯಲಿಲ್ಲ. ಬೂದುಗುಂಬಳವನ್ನು ಚೀಲಕ್ಕೆ ಹಾಕಿ ನನ್ನ ತೊಡೆಯ ಮೇಲಿಟ್ಟ. ಬೆನ್ನಿಗೆ ತಂಬೂರಿ, ಹಿಂದೆ ಮೊಮ್ಮಗಳು, ಮಡಿಲಲ್ಲಿ ಕುಂಬಳಕಾಯಿ. ಹರಿಹರದಲ್ಲಿ ಆ ದಿನ ನಮಗೆ ಸಿಕ್ಕಷ್ಟು ನಮಸ್ಕಾರ ಮಠದ ಪಲ್ಲಕ್ಕಿಗೂ ಸಿಗುವುದಿಲ್ಲ.

ಗದ್ದೆಯ ಪಂಪ್‌ಮನೆ ಹತ್ತಿರ ಒಂದು ಗೋಡೆ ಬಿದ್ದು ಅರ್ಧ ಉಳಿದಿತ್ತು. ಅದರ ಮೇಲೆ ಕುಂಬಳಕಾಯಿ ಕೂರಿಸಿದ. ಗಾಡಿಯನ್ನು ನೆರಳಿಗೆಂದು ಗೋಡೆಯ ಆಚೆ ಬದಿಯ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ. ಸುತ್ತ ಯಾರೂ ಇಲ್ಲವೆಂದು ಎರಡೆರಡು ಸಲ ಕೂಗಿ ಖಾತ್ರಿ ಮಾಡಿಕೊಂಡ. ನನ್ನನ್ನು ತನ್ನ ಬೆನ್ನ ಹಿಂದೆ ದೂರ ನಿಲ್ಲಿಸಿ, ಕಿವಿ ಮುಚ್ಚಿಸಿದ. ಹೆಗಲಿಗೆ ಬಂದೂಕು ಏರಿದಾಗ ಮುದುಕನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ಅದು ಅವನ ಪರವಾದ ಅಂಶ, ದಾಖಲಿಸುತ್ತೇನೆ.

ಢಂ ಎಂದಿತು. ಬೆಳ್ಳಕ್ಕಿಗಳೆಲ್ಲ ಎದ್ದವು. ಹೊಗೆ ಹೋಯಿತು. ಕುಂಬಳಕಾಯಿ ಗೋಡೆಯ ಮೇಲೆ ಮೊದಲು ಹೇಗಿತ್ತೋ ಹಾಗೇ ಕೂತಿತ್ತು, ಮದುವೆ ಮಂಟಪದಲ್ಲಿ ಮುಂದಿನ ಸಾಲಿನ ಬೀಗರ ಹಾಗೆ.

"ತಪ್ಪಿತಜ್ಜ" ಎಂದೆ.

"ಯಾವ್ದಕ್ಕೂ ತಗಲ್ಲಿಲ್ಲ, ಅಷ್ಟೇ ತಾನೆ?" ಎಂದ. ಅಷ್ಟರಲ್ಲಿ ಪೆಟ್ರೋಲಿನ ವಾಸನೆ ಬಂತು.

ಬೇವಿನ ಮರದ ಕೆಳಗೆ ಗಾಡಿಯ ಟ್ಯಾಂಕಿನಿಂದ ಸಣ್ಣ ಎಳೆಯಾಗಿ ಪೆಟ್ರೋಲು ಇಳಿಯುತ್ತಿತ್ತು. ತೋಟಾದೊಳಗಿನ ಚರೆಗುಂಡುಗಳಲ್ಲಿ ಒಂದೇ ಒಂದು, ಕುಂಬಳಕಾಯಿಯ ಪಕ್ಕದಿಂದ ಹಾದು, ವಿಭೂತಿ ಹಚ್ಚಿದ ಗಾಡಿಯನ್ನೇ ಹುಡುಕಿಕೊಂಡು ಹೋಗಿ ಟ್ಯಾಂಕಿಗೆ ತೂತು ಹಾಕಿತ್ತು. ಜೀವಮಾನದಲ್ಲಿ ಅಜ್ಜನ ಬಂದೂಕಿಗೆ ಬಲಿಯಾದದ್ದು ಅಜ್ಜನ ಮೋಟಾರ್ ಸೈಕಲ್ಲು ಮಾತ್ರ.

"ಅದರೌನ್..." ಎಂದು ಅಜ್ಜ ಓಡಿದ. ನಾನು ನಕ್ಕು ನಕ್ಕು ಬದುವಿನ ಮೇಲೆ ಕೂತುಬಿಟ್ಟೆ. ಅವನು ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಬೈದ. "ಹಲ್ಲು ಕಿರೀಬ್ಯಾಡ, ಪಂಪ್‌ಮನ್ಯಾಗೆ ಬಟ್ಟೆ ಸೋಪು ಐತೆ, ತಗಂಬಾ!" ತಂದೆ. ಚೂರು ಮುರಿದು, ಬೆರಳಲ್ಲಿ ನಾದಿ, ತೂತಿಗೆ ತುಂಬಿ ಒತ್ತಿದ. ಪೆಟ್ರೋಲು ನಿಂತಿತು. ಒತ್ತಿದ ಕೈ ಮಾತ್ರ ಬಹಳ ಹೊತ್ತು ಅಲ್ಲೇ ಇತ್ತು.

ನಾನು ಗೆದ್ದಿದ್ದೆ, ಬೇರೆ ಸಾಕ್ಷಿ ಬೇಕಿರಲಿಲ್ಲ. ಅಜ್ಜನೇ ಬಂದು ನನ್ನ ಪಕ್ಕ ಬದುವಿನ ಮೇಲೆ ಕೂತ, ಬಂದೂಕು ತೊಡೆಯ ಮೇಲೆ.

"ನಿಜ ಹೇಳ್ಲಾ? ನಂಗೆ ಎರಡು ಕುಂಬಳಕಾಯಿ ಕಂಡ್ವು. ಯಾವ್ದು ಖರೇದು ಅಂತ ಗೊತ್ತಾಗ್ಲಿಲ್ಲ."

"ಅಂದ್ರೆ ರೋಡಲ್ಲಿ ಲಾರೀನೂ?"

"ಅವೂ ಎರಡೆರಡೇ. ನಡುವೆ ಹೋಗ್ತೀನಿ."

ನನ್ನ ನಗು ನಿಂತಿತು. ಬರುವಾಗ ನಾವು ಯಾವ ಯಾವ ಲಾರಿಗಳ ನಡುವೆ ಬಂದೆವೆಂದು ನೆನೆಸಿಕೊಳ್ಳುತ್ತಿದ್ದೆ.

"ಒಂದು ಬಿಡ್ತೀನಿ" ಎಂದ ಅಜ್ಜ. "ಎರಡೂ ಕೇಳ್ಬ್ಯಾಡ, ಸತ್ತೋಗ್ತೀನಿ. ಯಾವ್ದು ಬಿಡ್ಲಿ ಹೇಳು, ಹೊಡೆದಿದ್ದೋ, ಹೊಡೆಸ್ಕೊಂಡಿದ್ದೋ?"

"ಹೊಡೆದಿದ್ದು."

"ಹಂಗಾರೆ ಒಂದು ಕೆಲ್ಸ ಮಾಡು. ನೀನು ಎರಡೂ ಕಡೆ ಮಾತಾಡ್ತಿಯಂತಲ್ಲ, ಚೀಟಿ ಬಂದಂಗೆ? ಈಗ ಇದ್ರ ಪರ ಮಾತಾಡು. ಮನ್ಯಾಗೆ ಎಲ್ಲಾರೂ ಇದ್ರ ವಿರುದ್ಧನೇ ಮಾತಾಡೀರಿ. ಒಬ್ರಾದ್ರೂ ಪರ ಮಾತಾಡಿದ್ದು ನನ್ನ ಕಿವಿಗೆ ಬೀಳ್ಲಿ."

ತಮಾಷೆಗೆಂದೇ ಎದ್ದು ನಿಂತೆ. ಕುಂಬಳಕಾಯಿಯತ್ತ ತಿರುಗಿ "ಮಾನ್ಯ ಅಧ್ಯಕ್ಷರೇ" ಎಂದು ಶುರು ಮಾಡಿದೆ. ಈ ಬಂದೂಕು ನಮ್ಮ ಮನೆಗೆ ಬಂದಾಗಿನಿಂದ ಯಾರನ್ನೂ ನೋಯಿಸಿಲ್ಲ, ಈ ಮಾತನ್ನು ನಮ್ಮ ಗ್ಯಾಸಿನ ಒಲೆಯ ಬಗ್ಗೆ, ಮಾವನ ನಾಲಿಗೆಯ ಬಗ್ಗೆ ಹೇಳಲಾಗದು ಎಂದೆ. ಇದು ಹಂದಿಗಳಿಗೆ ಹೆದರಲು ಒಂದು ಕಾರಣ ಕೊಟ್ಟಿತು, ಓಡಲು ದಾರಿಯನ್ನೂ ಕೊಟ್ಟಿತು ಎಂದೆ. ತನ್ನನ್ನು ತಂಬೂರಿ ಎಂದವರ ಮೇಲೆ ಇದು ಒಮ್ಮೆಯೂ ಸಿಟ್ಟಾಗಲಿಲ್ಲ ಎಂದೆ. ಅಂಗಡಿಯಲ್ಲಿ ದಿನವಿಡೀ ನಟ್ಟು ಬೋಲ್ಟು ಎಣಿಸಿದ ಒಬ್ಬ ಮನುಷ್ಯನಿಗೆ, ತಾನು ನಟ್ಟು ಬೋಲ್ಟು ಎಣಿಸುವವನು ಮಾತ್ರವಲ್ಲ ಎಂದು ಪ್ರತಿದಿನ ಬೆಳಿಗ್ಗೆ ನೆನಪು ಮಾಡಿಕೊಟ್ಟದ್ದು ಇದು ಎಂದೆ. ಅಲ್ಲಿಗೆ ನಿಲ್ಲಿಸಬೇಕಾಯಿತು. ಚೀಟಿ ಎತ್ತದೆಯೇ ನಾನು ಪಕ್ಷಾಂತರ ಮಾಡಿಬಿಟ್ಟಿದ್ದೆ.

ಇಷ್ಟು ಚೆನ್ನಾಗಿ ಮಾತಾಡಿದ ಮೇಲೆ ಅಜ್ಜ ಬಂದೂಕು ಬಿಡುವುದಿಲ್ಲ, ನನ್ನ ವಕಾಲತ್ತು ಮುಗಿಯಿತು, ಮೆಣಸಿನಕಾಯಿ ಮಂಡಕ್ಕಿ ಹೋಯಿತು ಎಂದುಕೊಂಡೆ. ಅಜ್ಜ ಬಂದೂಕನ್ನು ಮಡಚಿ, ಖಾಲಿ ತೋಟಾ ತೆಗೆದು, ಹೂವಿನ ಚೀಲಕ್ಕೆ ಇಳಿಸಿ ಲಾಡಿ ಕಟ್ಟಿದ.

"ಆತು. ಇನ್ನು ಹೋಗ್ಲಿ" ಎಂದ. ಆಮೇಲೆ ಗಾಡಿಯ ಕೀಲಿಯನ್ನು ನನ್ನ ಕೈಗಿಟ್ಟ. "ಸ್ಕೂಟಿ ಅಲ್ಲ ಇದು. ಒದ್ದ ಮ್ಯಾಲೆ ಮಡಚೋದು ಮರೀಬ್ಯಾಡ."

ಅಲ್ಲಿಂದ ಶಾಮನೂರು ಮುಟ್ಟುವವರೆಗೆ ನಾನು ಕೇಳಿದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಮುಂದಿನ ಕೆಲವು ದಿನ ಶಾಮನೂರಿನ ಹೊಸ ಲೇಔಟಿನ ಖಾಲಿ ರಸ್ತೆಗಳಲ್ಲಿ, ಇನ್ನೂ ಮನೆಗಳೇ ಇಲ್ಲದ ಕ್ರಾಸುಗಳಲ್ಲಿ ಅಜ್ಜ ನನಗೆ ಗೇರು ಕಲಿಸಿದ. ಕಲಿತ ಮೇಲೆ ನಾವಿಬ್ಬರೂ ಅದೇ ಗಾಡಿಯಲ್ಲಿ ಹೋಗಿ ಬಂದೂಕನ್ನು ಕಾಯಂ ಆಗಿ ಒಪ್ಪಿಸಿದೆವು. ಠಾಣೆಯ ಸಾಹೇಬರು ಎದ್ದು ನಿಂತು ಮಾತಾಡಿಸಿದರು.

"ಕೂಡ್ರಿ ಅಜ್ಜಾರೆ. ಯಾವ ಎಲೆಕ್ಷನ್ನೂ ಇಲ್ಲಲ್ರೀ ಈಗ? ಯಾಕ ತಂದ್ರಿ?"

"ಚರ್ಚಾಸ್ಪರ್ಧೇಲಿ ಸೋತೆ" ಎಂದ ಅಜ್ಜ, ನನ್ನತ್ತ ಗದ್ದ ತೋರಿಸಿ. ಹೂವಿನ ಚೀಲವನ್ನು ಮಾತ್ರ ಕೊಡಲಿಲ್ಲ. ಮಡಚಿ ಬಗಲಲ್ಲಿಟ್ಟುಕೊಂಡ. ಹೊರಟಾಗ ರಸ್ತೆಯಲ್ಲಿ ಯಾರೋ ಕೈ ಮುಗಿದು "ಭಜನೆ ಎಲ್ರೀ ಇವತ್ತು?" ಎಂದರು. ಹಿಂದಿನ ಸೀಟಿನಲ್ಲಿ ಅಜ್ಜ ಬಗಲಿನ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದ. "ಮುಗೀತ್ರಿ" ಎಂದು ನಾನೇ ಹೇಳಿದೆ.

ಅಜ್ಜನ ಕಣ್ಣಿಗೆ ಆಪರೇಷನ್ ಆಗಿದೆ. ಈಗ ಲಾರಿಗಳು ಒಂದೊಂದೇ ಕಾಣುತ್ತವಂತೆ, "ಮಜಾ ಹೋತು" ಎನ್ನುತ್ತಾನೆ. ಮೊಣಕಾಲು ಒದೆಯಲು ಒಪ್ಪುವುದಿಲ್ಲವಾದ್ದರಿಂದ ಓಡಿಸುವವಳು ನಾನೇ. ಅವನು ಹಿಂದೆ ಕೂತು ನನ್ನ ಪ್ರತಿ ಗೇರಿಗೂ ವಿಮರ್ಶೆ ಬರೆಯುತ್ತಾನೆ. ಆದರೆ ಗಾಡಿಯಲ್ಲಿ ಅವನದೇ ಆದ ಒಂದು ಕೆಲಸ ಉಳಿದಿದೆ. ಪೆಟ್ರೋಲು ಹಾಕಿಸಿದ ಮೇಲೆ ಟ್ಯಾಂಕಿನ ತೂತಿನ ಸೋಪು ಮೆತ್ತಗಾಗುತ್ತದೆ. ಆಗ ಅವನು ಇಳಿದು ಮುಂದೆ ಬಂದು, ಕೈ ಚಾಚುತ್ತಾನೆ. ನಾನು ಹೊಸ ಚೂರು ಕೊಡುತ್ತೇನೆ. ಅವನು ನಾದಿ, ತೂತಿಗಿಟ್ಟು, ಹೆಬ್ಬೆರಳಿನಿಂದ ಒತ್ತಿ, ಸ್ವಲ್ಪ ಹೊತ್ತು ಹಿಡಿದು ನಿಲ್ಲುತ್ತಾನೆ. ಬಂಕಿನ ಜನ ಹಿಂದಿನಿಂದ ಹಾರನ್ ಹೊಡೆದರೂ ಕೈ ತೆಗೆಯುವುದಿಲ್ಲ.

ಇವತ್ತು ಮಧ್ಯಾಹ್ನ, ಅಮ್ಮನ ಇಲಿ ಭಾಷಣದ ನಂತರ, ಬ್ರೇಕು ನೋಡಿಸಲು ಗಾಡಿಯನ್ನು ಗ್ಯಾರೇಜಿಗೆ ಒಯ್ದಿದ್ದೆವು. ಮೆಕ್ಯಾನಿಕ್ ರಫೀಕಣ್ಣ ಟ್ಯಾಂಕಿನ ಸೋಪನ್ನು ನೋಡಿ ಹಣೆ ಬಡಿದುಕೊಂಡ.

"ಇದೇನ್ ಮೇಡಮ್ಮಾರೆ, ಇನ್ನೂ ಸೋಪು? ಚಾ ಕುಡಿಯೋದ್ರೊಳಗೆ ಬೆಸುಗೆ ಹಾಕಿ ಕೊಡ್ತೀನಿ. ಜಿಂದಗೀಲಿ ಇನ್ನು ಸೋರಲ್ಲ."

"ಬ್ಯಾಡ" ಎಂದೆ.

"ಯಾಕ್ರೀ ಬ್ಯಾಡ? ಒಂದು ಕಾರಣ ಹೇಳ್ರಿ."

ಬೆಂಚಿನ ಮೇಲೆ ಕೂತಿದ್ದ ಅಜ್ಜ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ. ಕಾರಣ ನನ್ನಲ್ಲಿತ್ತು. ಒಳ್ಳೆಯ ಕಾರಣ, ಖಂಡಿಸಲಾಗದಂಥದ್ದು. ಅದನ್ನು ಹೇಳಿದರೆ ರಫೀಕಣ್ಣ ಒಪ್ಪುತ್ತಿದ್ದ. ಆದರೆ ಅಜ್ಜನೂ ಕೇಳಿಸಿಕೊಳ್ಳುತ್ತಿದ್ದ. 

"ಏನೂ ಕಾರಣ ಇಲ್ಲಣ್ಣ. ಸುಮ್ನೆ."

ಅಜ್ಜ ತೊಡೆ ತಟ್ಟಿಕೊಂಡು ನಕ್ಕ. "ಸೋತ್ಲು ನೋಡಲೇ ರಫೀಕ! ಷೀಲ್ಡಿನ ರಾಣಿ ಸೋತ್ಲು!"

"ಹ್ಞೂಂನಜ್ಜ, ಸೋತೆ" ಎಂದು ಜೇಬಿನಿಂದ ಸೋಪಿನ ಚೂರು ತೆಗೆದು ಅವನ ಕೈಗೆ ಕೊಟ್ಟೆ.