ತಾನಾಗಿ ಹಾಕಿಕೊಂಡ ಬೀಗ

ಆ ಕಾರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಓಡುವುದರಲ್ಲಿ ಏನೂ ಕೊರತೆಯಿಲ್ಲ, ಎಂಥ ಏರನ್ನೂ ಹತ್ತುತ್ತದೆ. ಸಿಟ್ಟು ಅದರ ಬೀಗದ ಮೇಲೆ.

ಅದಕ್ಕೂ ಮೊದಲು ನಮ್ಮಲ್ಲಿದ್ದದ್ದು ಜೀಪು. ತೋಟದ ಕೆಲಸಕ್ಕೂ ಅದೇ, ಮದುವೆ ಮನೆಗೂ ಅದೇ. ಈ ಊರಿಗೆ ಸೊಸೆಯಾಗಿ ಬಂದ ಸ್ವಲ್ಪ ದಿನಕ್ಕೇ ನಾನು ಅದನ್ನು ಓಡಿಸಲು ಕಲಿತಿದ್ದೆ. ಬೀಗವೆಂಬುದೇ ಅದಕ್ಕಿರಲಿಲ್ಲ, ಟಾರ್ಪಾಲು ಹೊದೆಸಿದ ಗಾಡಿಗೆ ಬೀಗ ಹಾಕುವುದಾದರೂ ಎಲ್ಲಿಗೆ? ಸಂತೆಯ ದಿನ ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಹೋದರೆ, ವಾಪಸು ಬರುವಷ್ಟರಲ್ಲಿ ಹಿಂದುಗಡೆ ಚೀಲಗಳು ತುಂಬಿರುತ್ತಿದ್ದವು. ನಮ್ಮ ಕಡೆಯವರು ಯಾರೇ ಆಗಲಿ, ಜೀಪು ಕಂಡರೆ ಚೀಲ ಅದರೊಳಗಿಟ್ಟು ಉಳಿದ ಸಾಮಾನಿಗೆ ಹೋಗುವುದು ರೂಢಿ. ಚೀಲ ಇಟ್ಟರೆ ಸೀಟು ಹಿಡಿದ ಹಾಗೆ. ನಾನು ಬಂದು ಚೀಲ ನೋಡಿ, ಇಂಥವರು ಇನ್ನೂ ಬರಬೇಕು ಎಂದು ಕಾಯುತ್ತಿದ್ದೆ. ಬರಲಾ ಎಂದು ಕೇಳಿದವರಿಲ್ಲ, ಬನ್ನಿ ಎಂದು ನಾನೂ ಹೇಳಿದ್ದಿಲ್ಲ.

ಎಲ್ಲಕ್ಕಿಂತ ಮೊದಲು ಬಂದು ಕೂರುತ್ತಿದ್ದ ಚೀಲ ಪಕ್ಕದ ತೋಟದವಳದ್ದು. ಅವಳೂ ನಾನೂ ಒಂದೇ ವರ್ಷ ಮದುವೆಯಾಗಿ ಇಲ್ಲಿಗೆ ಬಂದವರು. ಮುಂದಿನ ಸೀಟು ಯಾವತ್ತಿಗೂ ಅವಳದ್ದೇ. ಗಂಡ ತೀರಿಕೊಂಡ ಮೇಲಂತೂ ಅವಳು ಪೇಟೆಗೆ ಹೊರಡುತ್ತಿದ್ದದ್ದೇ ನನ್ನ ಗಾಡಿಯ ಧೈರ್ಯದ ಮೇಲೆ. ಒಡಹುಟ್ಟಿದವರಿಗೆ ಹೇಳದ್ದನ್ನೂ ನಾನು ಅವಳ ಹತ್ತಿರ ಹೇಳಿದ್ದೇನೆ. ಹೇಳಿ ಅತ್ತಿದ್ದೇನೆ ಕೂಡ.

ಸೊಂಟನೋವು ಶುರುವಾದ ಮೇಲೆ ಡಾಕ್ಟರು ನನಗೆ ಜೀಪು ಬೇಡವೆಂದರು. ನನ್ನ ಗಂಡ ಅದನ್ನು ಕಳಸದ ಕಡೆಯವರೊಬ್ಬರಿಗೆ ಕೊಟ್ಟು ಈ ಚಿಕ್ಕ ಕಾರು ತಂದರು. "ನೋಡು, ಒಂದು ಗುಂಡಿ ಒತ್ತಿದ್ರೆ ನಾಲ್ಕೂ ಬಾಗ್ಲು, ಡಿಕ್ಕಿ, ಎಲ್ಲ ಒಟ್ಟಿಗೆ ಲಾಕು" ಎಂದು ಅಂಗಳದಲ್ಲಿ ನಿಂತು ಒತ್ತಿ ಒತ್ತಿ ತೋರಿಸಿದರು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಅವರಿಗೆ ಎಷ್ಟು ಒತ್ತಿದರೂ ಸಾಕಾಗಲಿಲ್ಲ.

ನನಗೆ ಮಾತ್ರ ಅದು ಒಗ್ಗಲಿಲ್ಲ. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದರೆ ಸಾಕು, ಹೊರಗೆ ಕಾರು ಟಕ್ ಅನ್ನುತ್ತಿತ್ತು. ಸ್ವಲ್ಪ ವೇಗ ಹಿಡಿದರೆ ಬಾಗಿಲುಗಳು ತಾವೇ ಬಿಗಿದುಕೊಳ್ಳುತ್ತಿದ್ದವು. ಮೊದಲ ಸಲ ಕೂತಾಗ ಅವಳು ಬೆಚ್ಚಿಬಿದ್ದಳು.

"ಎಂತದೇ ಇದು, ನನ್ನ ಕೂಡಿಹಾಕಿ ಎಲ್ಲಿಗೆ ಹೊತ್ಕೊಂಡು ಹೋಗ್ತಿದೀಯ?"

"ಈ ವಯಸ್ಸಲ್ಲಿ ನಿನ್ನ ಹೊತ್ಕೊಂಡು ಹೋದ್ರೆ ಸಾಕೋದ್ಯಾರು ಮಾರಾಯ್ತಿ" ಎಂದೆ. ನಗುನಗುತ್ತಾ ದಾರಿಯಲ್ಲಿ ಜಾವಳಿ ಊರು ದಾಟಿದ್ದೇ ತಿಳಿಯಲಿಲ್ಲ.

ತಾಪತ್ರಯ ಬಂದದ್ದು ಸಂತೆಯಲ್ಲಿ. ಬೀಗ ಜಡಿದ ಕಾರಿನೊಳಗೆ ಚೀಲ ಇಡುವುದು ಹೇಗೆ? ಒಬ್ಬೊಬ್ಬರಾಗಿ ನಮ್ಮ ಕಡೆಯವರು ಬಸ್ಸಿನ ಕಡೆ ತಿರುಗಿದರು. ನನಗೆ ಬೇಜಾರಾಗುತ್ತಿತ್ತು. "ಪೇಟೇಲಿ ಕಾರಿನ ಬೀಗ ತೆಗೆದಿಟ್ಟು ಹೋಗ್ಬೇಡ" ಎಂದು ಗಂಡ ನೂರು ಸಲ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಸಂತೆಯ ದಿನ ಕಾರಿನಿಂದ ಇಳಿದು, ಕೈ ತನ್ನಷ್ಟಕ್ಕೆ ಬೀಗದ ಗುಂಡಿ ಒತ್ತಿದ್ದು ನೆನಪಾಗಿ, ರಸ್ತೆಯ ಆಚೆಯಿಂದಲೇ ತೆಗೆಯುವ ಗುಂಡಿ ಒತ್ತಿದೆ. ದೀಪ ಮಿಟುಕಿತು. ಬೀಗ ತೆಗೆದ ಸದ್ದು ಕಿವಿಯಾರೆ ಕೇಳಿಸಿತು. ಅವಳಿಗೆ ಫೋನ್ ಮಾಡಿ, "ಕಾರು ತೆಗೆದಿಟ್ಟಿದೀನಿ ಕಣೇ, ಚೀಲ ಇಟ್ಟು ಒಳಗೆ ಕೂತಿರು" ಎಂದೆ. ಆಮೇಲೆ ನೆಮ್ಮದಿಯಿಂದ ತರಕಾರಿ ಆರಿಸುತ್ತಾ ಕೂತೆ.

ಯಾವುದೋ ಗಾಡಿ ಬೊಬ್ಬೆ ಹೊಡೆಯುವುದು ಕೇಳಿಸಿತು. ನಮ್ಮದೇ ಎಂದು ಹೊಳೆಯಲು ಹೊತ್ತಾಯಿತು. ಓಡಿಬಂದರೆ ಕಾರಿನ ಸುತ್ತ ಜನ. ಒಬ್ಬ ಮೊಬೈಲ್ ಹಿಡಿದು ವಿಡಿಯೋ ತೆಗೆಯುತ್ತಿದ್ದಾನೆ. ನಡುವೆ, ಬಾಗಿಲಿನ ಹಿಡಿ ಎಳೆಯಲು ಹೋಗಿ ಸಿಕ್ಕಿಬಿದ್ದವಳ ಹಾಗೆ ಅವಳು. ಚೀಲ ಕೆಳಗೆ ಬಿದ್ದು ಈರುಳ್ಳಿ ರಸ್ತೆಯಲ್ಲೆಲ್ಲ ಚೆಲ್ಲಿತ್ತು.

"ಯಾರ ಕಾರಮ್ಮ ಇದು?" ಎಂದು ಆಟೋದವನೊಬ್ಬ ಕೇಳುತ್ತಿದ್ದ.

"ನಮ್ಮವಳದ್ದು" ಎಂದಳು ಅವಳು.

"ನಿಮ್ಮವರದ್ದಾದ್ರೆ ಬೀಗ ಯಾಕೆ ಹಾಕಿದಾರೆ?"

ಯಾರೋ ನಕ್ಕರು. ನಾನು ಜನರನ್ನು ಸರಿಸಿಕೊಂಡು ಹೋಗಿ ಗಡಿಬಿಡಿಯಲ್ಲಿ ಯಾವುದೋ ಗುಂಡಿ ಒತ್ತಿದೆ. ನಿಂತ ಬೊಬ್ಬೆ ಮತ್ತೆ ಶುರುವಾಯಿತು. ಅದು ಬಾಯಿ ಮುಚ್ಚುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ತೆಗೆದಿಟ್ಟಿದೀನಿ ಅಂದ್ಯಲ್ಲೇ."

"ತೆಗೆದೇ ಇಟ್ಟಿದ್ದೆ ಕಣೇ. ಅದೇ ಹಾಕ್ಕೊಂಡಿದೆ."

"ಬೀಗ ಎಲ್ಲಾದ್ರೂ ತಾನೇ ಹಾಕ್ಕೊಳ್ಳುತ್ತಾ ಹೇಳೇ?"

ನಿಜ ಹೇಳಿದ್ದು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಅವಳು ಈರುಳ್ಳಿ ಆರಿಸಿಕೊಂಡು, ನಾನು ಆರಿಸಿಕೊಟ್ಟದ್ದನ್ನು ಅಲ್ಲೇ ಬಿಟ್ಟು, ಬಸ್ಸಿಗೆ ಹೋದಳು.

ಮನೆಗೆ ಬಂದವಳೇ ಶೋರೂಮಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. "ಅದು ಸೇಫ್ಟಿ ಮೇಡಂ" ಎಂದ ಅಲ್ಲಿಯವನು. "ರಿಮೋಟಲ್ಲಿ ತೆಗೆದು ಸ್ವಲ್ಪ ಹೊತ್ತು ಯಾರೂ ಡೋರ್ ಓಪನ್ ಮಾಡ್ಲಿಲ್ಲ ಅಂದ್ರೆ ಅದೇ ವಾಪಸ್ ಲಾಕ್ ಆಗುತ್ತೆ." ಯಾರನ್ನು ಕೇಳಿ ಆಗುತ್ತದೆ? ನಾನು ತೆಗೆದದ್ದನ್ನು ನನ್ನ ಬೆನ್ನ ಹಿಂದೆ ಮುಚ್ಚಲು ಅದಕ್ಕೆ ಅಧಿಕಾರ ಕೊಟ್ಟವರು ಯಾರು? ಕಾರು ನನಗೆ ಮೋಸ ಮಾಡಿತ್ತು. ಅದು ಬಿಡಿ, ಕಬ್ಬಿಣದ ಡಬ್ಬ. ಆದರೆ ಅವಳು? ಇಷ್ಟು ವರ್ಷ ಪಕ್ಕದಲ್ಲಿ ಕೂತವಳು ನನ್ನ ಮಾತು ಬಿಟ್ಟು ದಾರಿಹೋಕನ ಮಾತು ನಂಬಿದಳಲ್ಲ, ಅದು ನನ್ನ ಹೊಟ್ಟೆ ಉರಿಸಿತು. ಫೋನ್ ಮಾಡಿದರೆ ಎತ್ತಲಿಲ್ಲ. ಮುಂದಿನ ಸಂತೆಗೆ ಬಸ್ಸಿನಲ್ಲೇ ಬಂದು ಬಸ್ಸಿನಲ್ಲೇ ಹೋದಳು.

ತಡೆಯಲಾಗದೆ ಒಂದು ಬೆಳಿಗ್ಗೆ ಕಾರು ತೆಗೆದುಕೊಂಡು ಅವಳ ಮನೆಗೇ ಹೋದೆ. ಕಣ್ಣಾರೆ ತೋರಿಸಿದರೆ ನಂಬಲೇಬೇಕಲ್ಲ. ಅವಳಿಗೆ ಇಷ್ಟವೆಂದು ನಮ್ಮ ಮರದ ಎರಡು ಚಕ್ಕೋತ ಒಯ್ದಿದ್ದೆ. ಅವನ್ನು ಡಿಕ್ಕಿಯಿಂದ ತೆಗೆದು, ಎರಡೂ ಕೈ ತುಂಬಿದ್ದರಿಂದ ಮೊಣಕೈಯಲ್ಲೇ ಡಿಕ್ಕಿ ಮುಚ್ಚಿದೆ. ಅವಳು ಕಣದ ಅಂಚಿನಲ್ಲಿ ಒಣಗಿದ ಕಾಳುಮೆಣಸು ಕೇರುತ್ತಿದ್ದಳು. ಹಣ್ಣು ಅವಳ ಪಕ್ಕದಲ್ಲಿಟ್ಟು, ಕೈಹಿಡಿದು ಎಬ್ಬಿಸಿಕೊಂಡು ಬಂದೆ.

"ಇಲ್ಲಿ ನಿಂತ್ಕೊ. ನೋಡ್ತಾ ಇರು. ಈಗ ತೆಗೆದಿದೀನಿ, ಸರಿಯಾ? ಇನ್ನು ನಾನು ಮುಟ್ಟಲ್ಲ. ಅದೇ ಹಾಕ್ಕೊಳ್ಳುತ್ತೆ."

ಇಬ್ಬರೂ ನಿಂತೆವು. ಕಾರು ಸುಮ್ಮನಿತ್ತು. ಈಗ ಹಾಕಿಕೊಳ್ಳುತ್ತದೆ, ಈಗ, ಎಂದು ನಾನು ಹೇಳುತ್ತಲೇ ಇದ್ದೆ. ಅವಳ ಕೈಯಲ್ಲಿದ್ದ ಮೊರದ ಅಂಚಿನಿಂದ ಮೆಣಸಿನ ಕಾಳು ಒಂದೊಂದೇ ಉದುರುತ್ತಿತ್ತು. ಡಿಕ್ಕಿ ಪೂರ್ತಿ ಕೂತಿಲ್ಲದಿದ್ದರೆ ಈ ಕಾರು ತಾನಾಗಿ ಬೀಗ ಹಾಕಿಕೊಳ್ಳುವುದಿಲ್ಲವಂತೆ. ಅದನ್ನು ಶೋರೂಮಿನವನು ಹೇಳಿದ್ದು ಮಾರನೆಯ ದಿನ. ಅವತ್ತು ನನಗೆ ಗೊತ್ತಿದ್ದದ್ದು ಇಷ್ಟೇ: ಸಂತೆಯಲ್ಲಿ ಅಷ್ಟು ಜನರ ಎದುರು ಮುಚ್ಚಿಕೊಂಡ ಬಾಗಿಲು ಇಲ್ಲಿ ಜಪ್ಪಯ್ಯ ಎಂದರೂ ಮುಚ್ಚುತ್ತಿಲ್ಲ. ನಿಂತಲ್ಲೇ ಅಳು ಬಂತು.

ಕೊನೆಗೆ ಅವಳೇ ಹೋಗಿ ಮುಂದಿನ ಬಾಗಿಲಿನ ಹಿಡಿ ಎಳೆದಳು. ಸಲೀಸಾಗಿ ತೆರೆದುಕೊಂಡಿತು. ಒಳಗೊಮ್ಮೆ ನೋಡಿ, ಮೆಲ್ಲಗೆ ಮುಚ್ಚಿದಳು.

"ಇರ್ಲಿ ಬಿಡಿ" ಎಂದಳು. "ಬಿಸ್ಲಲ್ಲಿ ಎಷ್ಟೊತ್ತು ನಿಲ್ತೀರಿ? ಒಳಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗಿ."

ನನ್ನ ಗಂಡ ಬಂದಿದ್ದಾರೇನೋ ಎಂದು ನಾನು ಹಿಂದೆ ತಿರುಗಿ ನೋಡಿದೆ. ಅಂಗಳದಲ್ಲಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.