ನೀಲಿ ನೆರಳು ನೋಡಲು ಟೊರಾಂಟೊಗೆ

ಮಾರ್ಕಮ್‌ನಲ್ಲಿರುವ ಮಗಳ ಮನೆಯಿಂದ ಟೊರಾಂಟೊ ಪೇಟೆಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಶನಿವಾರ ಹನ್ನೊಂದಕ್ಕೆ ಮ್ಯೂಸಿಯಂ ಪ್ರವೇಶವೆಂದು ಮಗಳು ದೀಪಾ ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ತೆಗೆದಿದ್ದಳು. ಇಂಪ್ರೆಷನಿಸ್ಟ್ ಚಿತ್ರಗಳ ಪ್ರದರ್ಶನ; ಮರುದಿನವೇ ಮುಕ್ತಾಯ.

ನನಗೆ ಚಿತ್ರಗಳೆಂದರೆ ಅಷ್ಟಕ್ಕಷ್ಟೆ. ಹೋಗಲೇಬೇಕಾಗಿದ್ದವಳು ನನ್ನ ಹೆಂಡತಿ ಸುಮಿತ್ರಾ. ಮೈಸೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಾಗಿದ್ದವಳು. ಇಂಪ್ರೆಷನಿಸ್ಟರು ನೆರಳಿಗೆ ಕಪ್ಪು ಬಳಿಯುವುದಿಲ್ಲವೆಂದು, ಕಪ್ಪು ಬಳಿದ ಮಕ್ಕಳ ಕೈಯಲ್ಲೆಲ್ಲ ನೀಲಿ ಹಚ್ಚಿಸಿದಳು, ಇನ್‌ಸ್ಪೆಕ್ಟರು ನಕ್ಕರೂ ಬಿಡಲಿಲ್ಲ. ಆದರೆ ಅವಳು ನೋಡಿದ್ದೆಲ್ಲ ಪುಸ್ತಕದಲ್ಲಿ ಅಚ್ಚಾದ ಚಿತ್ರಗಳು. ಅಚ್ಚಿನ ಬಣ್ಣ ನಂಬಿ ಮಕ್ಕಳಿಗೆ ತಪ್ಪು ಕಲಿಸಿದೆನೇನೋ ಎಂಬ ಅಳುಕು ನಿವೃತ್ತಳಾದರೂ ಹೋಗಿರಲಿಲ್ಲ. ಮೂಲಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಬೇಕೆಂದು ಹಟ ಹಿಡಿದಿದ್ದಳು.

ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಸುಮಿತ್ರಾ ಅದಕ್ಕೂ ದಾರಿ ಹುಡುಕಿದಳು. ಒಂಬತ್ತಕ್ಕೆ ಮೊದಲೇ ಎದುರು ಮನೆಗೆ ಹೋಗಿ, ಹುಬ್ಬಳ್ಳಿಯ ಗಿರಿಜಾ ಅವರ ಯಜಮಾನರ ಕೈಗೆ ತನ್ನ ಚೀಲ ಕೊಟ್ಟು ಬಂದಳು. ಹೀಗೆ ಬೇರೆಯವರ ಮನೆಯಲ್ಲಿ ಪ್ರಸ್ಥಾನ ಇಟ್ಟರೆ ಒಳ್ಳೆಯ ಹೊತ್ತಿನಲ್ಲೇ ಹೊರಟ ಲೆಕ್ಕ. ಆಮೇಲೆ ಹೋಗುವಾಗ ಎತ್ತಿಕೊಂಡರಾಯಿತು. ನಾವು ನಿಧಾನವಾಗಿ ಇಡ್ಲಿ ತಿಂದು ಹೋಗಿ ನೋಡಿದರೆ ಆ ಮನೆಗೆ ಬೀಗ. ಹತ್ತಿರದ್ದನ್ನು ನೋಡಲು ಸುಮಿತ್ರಾಗೆ ಬೇಕಾದ ಕನ್ನಡಕ ಆ ಚೀಲದಲ್ಲಿತ್ತು.

ದೀಪಾ ಫೋನ್ ಮಾಡಿದಳು. "ಚೀಲ ಮನಿಯೊಳಗ ಐತಿ. ನಾ ನಮ್ಮನಿಯವರನ್ನ ಶಿಫ್ಟಿಗೆ ಬಿಡಾಕ ಪಿಕರಿಂಗ್ ಊರಿಗೆ ಬಂದೀನಿ," ಎಂದರು ಗಿರಿಜಾ. "ಪ್ರಸ್ಥಾನ ಅಂತ ಇವರು ನನಗ ಬಾಯಿಬಿಟ್ಟು ಹೇಳಬೇಕಿತ್ತಲ್ರೀ. ಇಲ್ಲಿ ಟ್ರಾಫಿಕ್ಕು ನಿಂತೈತಿ, ನೀವು ಕಾಯಬ್ಯಾಡ್ರಿ, ನಡೀರಿ. ನಾ ಮನಿಗೆ ಹೋಗಿ ತಗೊಂಡು ಮ್ಯೂಸಿಯಂಗೇ ತಂದು ಕೊಡ್ತೀನಿ."

ಮ್ಯೂಸಿಯಂ ಬಾಗಿಲಲ್ಲಿ ಚಳಿಗೆ ಮೂಗು ಮರಗಟ್ಟುತ್ತಿತ್ತು. "ರಾಹು ನಿನಗಿಂತ ಜಾಣ," ಎಂದೆ. ಸುಮಿತ್ರಾ ದುರುಗುಟ್ಟಿಕೊಂಡು ನೋಡಿದಳು.

"ಅಮ್ಮ, ಹನ್ನೊಂದೂವರೆ ಆದ್ರೆ ಒಳಗೆ ಬಿಡಲ್ಲ, ನಮ್ಮ ಸ್ಲಾಟ್ ಹೋಗತ್ತೆ," ಎಂದಳು ದೀಪಾ. "ಕನ್ನಡಕ ಇಲ್ದೇನೇ ನೋಡೋಣ ಬಾ."

"ಅಂದಾಜಿಗೆ ನೋಡೋದು ಪುಸ್ತಕದಲ್ಲೇ ಆಗಿತ್ತು ಕಣೆ. ನಾನು ಬರಲ್ಲ."

ಟಿಕೆಟ್ಟೂ ಹೋಯಿತು, ಅವಳ ಆಸೆಯೂ ಹೋಯಿತು ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಅಷ್ಟರಲ್ಲಿ ಗಿರಿಜಾ ಅವರ ಕಾರು ಬಂದು ನಿಂತಿತು. "ಪಾರ್ಕಿಂಗ್ ಸಿಗಾಂಗಿಲ್ಲ, ಹಿಡೀರಿ ಟೀಚರ್," ಎಂದು ಕಿಟಕಿಯಿಂದಲೇ ಚೀಲ ಕೊಟ್ಟು ಅವರು ಹೊರಟೇಬಿಟ್ಟರು. ನಮಗೆ ಹೋದ ಜೀವ ಬಂದಂತಾಯಿತು. ಬಾಗಿಲಿನವನು ದೀಪಾಳ ಫೋನಿನಲ್ಲಿದ್ದ ಟಿಕೆಟ್ ನೋಡಿ, ಗಡಿಯಾರ ನೋಡಿ, ನಕ್ಕು ಒಳಗೆ ಬಿಟ್ಟ.

ಎರಡನೆಯ ಕೋಣೆಯಲ್ಲಿ ಹಿಮ ಬಿದ್ದ ಹೊಲದ ಚಿತ್ರವಿತ್ತು, ಹಿಮದ ಮೇಲೆ ಮರಗಳ ನೆರಳು. ಸುಮಿತ್ರಾ ಕನ್ನಡಕ ಹಾಕಿಕೊಂಡು ಮುಂದೆ ಬಾಗಿದಳು. ಕಾವಲಿನವಳು ಹಿಂದೆ ಸರಿಯಿರಿ ಎಂದಾಗ ಒಂದೇ ಹೆಜ್ಜೆ ಸರಿದಳು. ನಾನೂ ಇಣುಕಿದೆ. ನೆರಳಿನಲ್ಲಿ ನೀಲಿ ಇತ್ತು, ನೇರಳೆ ಇತ್ತು, ಅಲ್ಲಲ್ಲಿ ಹಸಿರೂ ಇತ್ತು. ಕಪ್ಪು ಮಾತ್ರ ಎಲ್ಲೂ ಇರಲಿಲ್ಲ.

"ಸದ್ಯ," ಎಂದಳು ಸುಮಿತ್ರಾ. "ರೀ, ನಾನು ಮಕ್ಕಳಿಗೆ ಸುಳ್ಳು ಹೇಳಿಲ್ಲ."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಮತ್ತೆ ಅದನ್ನು ಹಾಕಿಕೊಳ್ಳಲಿಲ್ಲ. ಉಳಿದ ಕೋಣೆಗಳಲ್ಲಿ ಯಾವ ಚಿತ್ರವನ್ನೂ ಪರೀಕ್ಷಿಸಲು ಹೋಗದೆ, ಮಗಳ ಕೈ ಹಿಡಿದುಕೊಂಡು, ಬರೀ ಖುಷಿಗೆ ನೋಡುತ್ತ ಹೋದಳು.